ಎಣ್ಣಿ ಹೊಡೆಯುವ ವಿಮಾನದ ಕಥೆ

ಕಳೆದ ದಸರಾ ರಜೆಗೆ ನನ್ನ ಮೊಮ್ಮಗ ಹುಬ್ಬಳ್ಳಿಯಿಂದ ಊರಿಗೆ ಬಂದಿದ್ದ. ಏಳನೆಯ ಇಯತ್ತೆಯಲ್ಲಿ ಓದುವ ಹುಡುಗ. ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೋಗುವಾಗ ಸಿಗುವ ಸಣ್ಣ ಊರು ನಮ್ಮದು. ಎತ್ತ ನೋಡಿದರೂ ಕಪ್ಪು ಎರಿ ಹೊಲ. ಮುಂಗಾರಿಗೆ ಹೆಸರು, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಕಡಲೆ, ಜೋಳ, ಗೋಧಿ. ಹುಡುಗ ಬಂದ ಮೂರನೆಯ ದಿನ ನಮ್ಮ ಮೆಣಸಿನಕಾಯಿ ಹೊಲಕ್ಕೆ ಎಣ್ಣಿ ಹೊಡೆಯಲು ಡ್ರೋನ್ ಬಂತು.

ಪೇಟೆಯ ಮಕ್ಕಳಿಗೆ ಒಂದು ಮಾತು. ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ ನಮ್ಮ ಕಡೆ ‘ಎಣ್ಣಿ ಹೊಡೆಯುವುದು’ ಎನ್ನುತ್ತಾರೆ. ಅಡುಗೆಯ ಎಣ್ಣೆಗೂ ಇದಕ್ಕೂ ಸಂಬಂಧವಿಲ್ಲ. ಇದು ವಿಷ.

ಡ್ರೋನ್ ತಂದವಳು ಪಕ್ಕದ ಊರಿನ ಸ್ವಸಹಾಯ ಸಂಘದ ಹೆಣ್ಣುಮಗಳು. 2023ರಲ್ಲಿ ಕೇಂದ್ರ ಸರ್ಕಾರ ‘ನಮೋ ಡ್ರೋನ್ ದೀದಿ’ ಯೋಜನೆ ತಂದ ಮೇಲೆ ಹೀಗೆ ಡ್ರೋನ್ ಹಾರಿಸುವ ಹೆಣ್ಣುಮಕ್ಕಳು ನಮ್ಮ ಹೊಲಗಳಲ್ಲೂ ಕಾಣಸಿಗುತ್ತಾರೆ. ಅವಳು ಯಂತ್ರದ ತೋಳುಗಳನ್ನು ಒಂದೊಂದಾಗಿ ಬಿಡಿಸಿ, ಬ್ಯಾಟರಿ ಕೂರಿಸಿ, ಹತ್ತು ಲೀಟರಿನ ಟ್ಯಾಂಕು ತೆಗೆದಿಟ್ಟಳು. ಮೊಮ್ಮಗ ಸುತ್ತಲೂ ಎರಡು ಸಲ ತಿರುಗಿ ಬಂದು ಕೇಳಿದ:

“ಅಜ್ಜಾ, ಇದರಾಗ ಯಾರೂ ಕುಂದ್ರೂದಿಲ್ಲ. ಮನುಷ್ಯಾ ಒಳಗ ಕುಂತು ಎಣ್ಣಿ ಹೊಡಿಯೋ ವಿಮಾನ ಇದ್ದವೇನು?”

“ಇದ್ದವಪಾ, ಈಗೂ ಅದಾವ. ನಮ್ಮ ಬೆಂಗಳೂರಾಗೂ ಮಾಡಿದ್ರು,” ಅಂದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನು. ಓದಿದ್ದು ಬಿ.ಕಾಂ. ವಿಮಾನದ ವಿಷಯದಲ್ಲಿ ಪಂಡಿತನಲ್ಲ. ಆದರೆ ಈ ಒಂದು ಜಾತಿಯ ವಿಮಾನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಬಹಳ ವರ್ಷಗಳಿಂದ ಓದುತ್ತ ಬಂದಿದ್ದೇನೆ. ಅದಕ್ಕೆ ನಮ್ಮ ಮನೆಯಲ್ಲೇ ಒಂದು ಕಾರಣವಿತ್ತು. ಬೇವಿನ ಗಿಡದ ನೆರಳಿನಲ್ಲಿ ಕುಳಿತು ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ಮೊದಲನೆಯ ಹಾರಾಟ

1921ರ ಆಗಸ್ಟ್ 3. ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಎಂಬಲ್ಲಿ ಕಟಾಲ್ಪಾ ಮರಗಳ ಒಂದು ತೋಪು. ಎಲೆಗಳನ್ನೆಲ್ಲ ಹುಳು ತಿನ್ನುತ್ತಿದ್ದವು. ಜಾನ್ ಮೆಕ್ರೆಡಿ ಎಂಬ ಸೈನ್ಯದ ಪೈಲಟ್ ಹಳೆಯ ಕರ್ಟಿಸ್ ವಿಮಾನವೊಂದನ್ನು ತೋಪಿನ ಪಕ್ಕದಲ್ಲಿ ಕೆಳಮಟ್ಟದಲ್ಲಿ ಹಾರಿಸಿದ. ವಿಮಾನದ ಮೈಗೆ ತಗಡಿನ ಡಬ್ಬಿಯೊಂದನ್ನು ಜೋಡಿಸಿದ್ದರು. ಅದರ ತುಂಬ ಸೀಸದ ಆರ್ಸನೇಟ್ ಎಂಬ ವಿಷದ ಪುಡಿ. ಡಬ್ಬಿಯನ್ನು ರೂಪಿಸಿದ ಎತಿಯೆನ್ ಡಾರ್ಮೊಯ್ ವಿಮಾನದಲ್ಲೇ ಕುಳಿತು ಕೈಯಿಂದ ಹಿಡಿಕೆ ತಿರುಗಿಸಿ ಪುಡಿ ಉದುರಿಸಿದ. ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯಿತು.

ಆಮೇಲೆ ಹತ್ತಿಯ ಹೊಲಗಳ ಸರದಿ. ಅಮೆರಿಕದ ದಕ್ಷಿಣ ಭಾಗದಲ್ಲಿ ಒಂದು ಮೂತಿಹುಳು ಹತ್ತಿಯನ್ನು ಹಾಳುಗೆಡವುತ್ತಿತ್ತು. ಪುಡಿ ಉದುರಿಸುವುದಕ್ಕೇ ವಿಮಾನ ಮಾಡಿ ಹಾರಿಸುವ ಕಂಪನಿ 1924ರಲ್ಲಿ ಹುಟ್ಟಿತು. ಹೆಸರು ಹಫ್ ಡೇಲೆಂಡ್ ಡಸ್ಟರ್ಸ್. ಇಂದು ಜಗತ್ತಿನ ದೊಡ್ಡ ವಿಮಾನ ಕಂಪನಿಗಳಲ್ಲಿ ಒಂದಾದ ಡೆಲ್ಟಾ ಬೆಳೆದದ್ದು ಇದರಿಂದಲೇ. ಹತ್ತಿಯ ಹುಳು ಕೊಲ್ಲಲು ಹುಟ್ಟಿದ ಕಂಪನಿ ಮುಂದೆ ಮನುಷ್ಯರನ್ನು ಹೊತ್ತು ಹಾರಿತು!

ಎರಡನೆಯ ಮಹಾಯುದ್ಧ ಮುಗಿದಾಗ ತರಬೇತಿ ವಿಮಾನಗಳು ಅಗ್ಗಕ್ಕೆ ಸಿಕ್ಕವು. ಮುಂದಿನ ಸೀಟು ಕಿತ್ತು ಅಲ್ಲಿ ಔಷಧದ ತೊಟ್ಟಿ ಇಟ್ಟು ಹೊಲದ ಮೇಲೆ ಹಾರಿಸಿದರು. ಅವು ಬೇರೆ ಕೆಲಸಕ್ಕಾಗಿ ಮಾಡಿದ ವಿಮಾನಗಳು. ಮೂಗು ಮುಂದೆ ಎದ್ದು ನಿಂತು ಪೈಲಟ್‌ಗೆ ಎದುರಿನ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ. ಅವನು ಹಾರುವುದು ಬೆಳೆಯ ಮೇಲೆ ಹತ್ತೇ ಅಡಿ ಎತ್ತರದಲ್ಲಿ. ಎದುರಿಗೆ ಮರ, ಕರೆಂಟಿನ ಕಂಬ, ತಂತಿ. ವಿಮಾನಗಳು ಬೀಳುತ್ತಿದ್ದವು, ಪೈಲಟ್‌ಗಳು ಸಾಯುತ್ತಿದ್ದರು.

ಅಡುಗೆಮನೆಯಲ್ಲಿ ತತ್ತಿ

ಇಲ್ಲಿ ಇಬ್ಬರು ಬರುತ್ತಾರೆ. ಒಬ್ಬ ಹ್ಯೂ ಡಿಹೇವನ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾರಾಟ ಕಲಿಯುವಾಗ ಇವನ ವಿಮಾನ ಆಕಾಶದಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಬಿತ್ತು. ಇವನು ಬದುಕಿದ. ಆದರೆ ಹೊಟ್ಟೆಯೊಳಗೆ ಭಾರಿ ಪೆಟ್ಟಾಗಿತ್ತು. ಪೆಟ್ಟು ಕೊಟ್ಟದ್ದು ಸೊಂಟದ ಪಟ್ಟಿಯ ಬಕಲ್ ಎಂದು ಅವನಿಗೆ ಅನಿಸಿತು. ವಿಮಾನ ಬೀಳುವುದನ್ನು ತಡೆಯಲು ಎಲ್ಲರೂ ಯೋಚಿಸುತ್ತಾರೆ. ಬಿದ್ದ ಮೇಲೆ ಒಳಗಿನವನು ಉಳಿಯುವುದು ಹೇಗೆಂದು ಯಾರು ಯೋಚಿಸುತ್ತಾರೆ? ಈ ಪ್ರಶ್ನೆ ಅವನನ್ನು ಬಿಡಲಿಲ್ಲ. ಅಡುಗೆಮನೆಯಲ್ಲಿ ಎತ್ತರದಿಂದ ಮೆತ್ತನೆಯ ಹಾಸಿನ ಮೇಲೆ ತತ್ತಿ ಬೀಳಿಸಿ, ಯಾವುದು ಒಡೆಯುತ್ತದೆ, ಯಾವುದು ಉಳಿಯುತ್ತದೆ ಎಂದು ನೋಡಿದ. ಎತ್ತರದಿಂದ ಬಿದ್ದೂ ಬದುಕಿದವರ ಸಂಗತಿಗಳನ್ನು ಕಲೆಹಾಕಿ 1942ರಲ್ಲಿ ಲೇಖನ ಬರೆದ. ಅವನು ಕಂಡುಕೊಂಡದ್ದು ಇಷ್ಟು: ಪೆಟ್ಟನ್ನು ತಾನು ತಿಂದು ನುಗ್ಗಾಗುವ ವಸ್ತು ನಡುವೆ ಇದ್ದರೆ, ಒಳಗಿನ ಜೀವ ಉಳಿಯುತ್ತದೆ.

ಇನ್ನೊಬ್ಬ ಫ್ರೆಡ್ ವೈಕ್, ಟೆಕ್ಸಾಸಿನ ಕೃಷಿ ಕಾಲೇಜಿನಲ್ಲಿದ್ದ ವಿಮಾನ ವಿನ್ಯಾಸಕ. ಬೆಳೆಗೆ ಔಷಧ ಹೊಡೆಯುವುದಕ್ಕೆಂದೇ, ಪೈಲಟ್ ಬದುಕಬೇಕೆಂದೇ ಅವನು ಒಂದು ವಿಮಾನವನ್ನು ಮೊದಲಿನಿಂದ ರೂಪಿಸಿದ. ಡಿಹೇವನ್‌ನ ತಿಳಿವಳಿಕೆಯನ್ನು ಅದರಲ್ಲಿ ಬಳಸಿಕೊಂಡ. ಏಜಿ-1 ಎಂಬ ಆ ವಿಮಾನ 1950ರ ಡಿಸೆಂಬರ್ 1ರಂದು ಹಾರಿತು. ಇಂದಿನ ಕೃಷಿ ವಿಮಾನಗಳೆಲ್ಲ ಬಹುಮಟ್ಟಿಗೆ ಅದರ ಮಕ್ಕಳು, ಮೊಮ್ಮಕ್ಕಳು.

ಒಂದು ಸುತ್ತು ಹಾಕಿ ನೋಡೋಣ

ಮಕ್ಕಳೇ, ಈ ವಿಮಾನವನ್ನು ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ನೋಡಿ.

ಮುಂದೆ ಎಂಜಿನ್. ಅದರ ಹಿಂದೆ ಔಷಧದ ತೊಟ್ಟಿ. ಅದರ ಹಿಂದೆ, ಎತ್ತರದಲ್ಲಿ ಪೈಲಟ್. ಈ ಕ್ರಮದಲ್ಲೇ ಗುಟ್ಟಿದೆ. ವಿಮಾನ ಮೂಗು ಮುಂದಾಗಿ ಬಿದ್ದರೆ ಮೊದಲು ಎಂಜಿನ್, ಆಮೇಲೆ ತೊಟ್ಟಿಯ ಭಾಗ ನುಗ್ಗಾಗುತ್ತದೆ. ಪೆಟ್ಟು ಪೈಲಟ್‌ನನ್ನು ತಲುಪುವಷ್ಟರಲ್ಲಿ ಸೊರಗಿರುತ್ತದೆ. ಅವನ ಸುತ್ತ ಉಕ್ಕಿನ ಕೊಳವೆಗಳ ಪಂಜರ, ಹೆಗಲ ಮೇಲಿಂದ ಬಿಗಿಯುವ ಪಟ್ಟಿ. ತೊಟ್ಟಿ ಹಿಂದಿದ್ದರೆ? ಬಿದ್ದಾಗ ಅಷ್ಟೂ ಭಾರ ಮುಂದೆ ನುಗ್ಗಿ ಅವನನ್ನೇ ಅರೆಯುತ್ತಿತ್ತು.

ತೊಟ್ಟಿ ಅಲ್ಲಿರುವುದಕ್ಕೆ ಇನ್ನೊಂದು ಕಾರಣವಿದೆ. ಚಕ್ಕಡಿ ಹೂಡಿದವರಿಗೆ ಇದು ಗೊತ್ತು. ಹೇರು ಹಿಂದಾದರೆ ನೊಗ ಮೇಲೇಳುತ್ತದೆ, ಮುಂದಾದರೆ ಎತ್ತಿನ ಹೆಗಲಿಗೆ ಭಾರ. ಅಚ್ಚಿನ ಮೇಲೆ ಸರಿಯಾಗಿ ಕೂತರೆ ಹೇರು ಹೆಚ್ಚಿದ್ದರೂ ಕಡಿಮೆಯಿದ್ದರೂ ಚಕ್ಕಡಿ ಸಮ. ವಿಮಾನದಲ್ಲೂ ಹಾಗೆಯೇ. ಔಷಧ ಖಾಲಿಯಾಗುತ್ತ ಹೋದಂತೆ ನೂರಾರು ಕಿಲೋ ಭಾರ ಇಳಿಯುತ್ತದೆ. ತೊಟ್ಟಿ ತೂಕದ ನಡುಬಿಂದುವಿನ ಹತ್ತಿರ ಇದ್ದರೆ ಮಾತ್ರ ವಿಮಾನ ಮುಗ್ಗರಿಸದೆ ಹಾರುತ್ತದೆ. ಅಪಾಯ ಕಂಡರೆ ಒಂದು ಹಿಡಿಕೆ ಎಳೆದು ತೊಟ್ಟಿಯಲ್ಲಿದ್ದುದನ್ನೆಲ್ಲ ಕೆಲವೇ ಸೆಕೆಂಡುಗಳಲ್ಲಿ ಸುರಿದು ಹಗುರಾಗಿ ಮೇಲೇಳಬಹುದು.

ರೆಕ್ಕೆಯ ಹಿಂದಂಚಿನಲ್ಲಿ ಉದ್ದ ಕೊಳವೆ, ಅದಕ್ಕೆ ಸಾಲಾಗಿ ಮೂತಿಗಳು. ಎಷ್ಟೋ ವಿಮಾನಗಳಲ್ಲಿ ಪಂಪು ತಿರುಗಿಸಲು ಹೊಟ್ಟೆಯ ಕೆಳಗೊಂದು ಪುಟ್ಟ ಫ್ಯಾನ್ ಇರುತ್ತದೆ. ಓಡುವ ಗಾಳಿಗೆ ಅದು ತಾನೇ ತಿರುಗುತ್ತದೆ, ನೀವು ಜಾತ್ರೆಯಲ್ಲಿ ಕೊಳ್ಳುವ ಗಿರಗಿಟ್ಟಲೆಯ ಹಾಗೆ. ಕೊಳವೆ ರೆಕ್ಕೆಯ ತುದಿಯವರೆಗೆ ಹೋಗುವುದಿಲ್ಲ, ಮುಕ್ಕಾಲು ಪಾಲಿನ ಸುಮಾರಿಗೆ ನಿಲ್ಲುತ್ತದೆ. ರೆಕ್ಕೆಯ ತುದಿಯಲ್ಲಿ ಗಾಳಿ ಸುಳಿಯಾಗಿ ಮೇಲಕ್ಕೆ ಸುತ್ತುತ್ತದೆ. ಅಲ್ಲಿ ಹನಿ ಬಿಟ್ಟರೆ ಅದು ಬೆಳೆಗೆ ಇಳಿಯದೆ ಮೇಲೆ ಹಾರಿಹೋಗುತ್ತದೆ.

ಕನ್ನಡಿಯ ಮುಂದೆ, ಗಾಲಿಯ ಕಾಲಿನ ಮೇಲೆ ತಂತಿ ಕತ್ತರಿಸುವ ಹರಿತ ಅಲಗು. ಪೈಲಟ್‌ನ ತಲೆಯ ಮೇಲಿಂದ ಬಾಲದ ತುದಿಗೆ ಬಿಗಿದ ಉಕ್ಕಿನ ಹಗ್ಗ, ಸಿಕ್ಕ ತಂತಿ ಜಾರಿಹೋಗಲೆಂದು.

ವೇಗದ ಲೆಕ್ಕವನ್ನೂ ಮಾಡೋಣ, ಗುಮಾಸ್ತನ ಚಟ. ಗಂಟೆಗೆ 180 ಕಿ.ಮೀ. ಎಂದರೆ ಸೆಕೆಂಡಿಗೆ 50 ಮೀಟರ್. 200 ಮೀಟರ್ ಉದ್ದದ ಹೊಲ ನಾಲ್ಕು ಎಣಿಸುವಷ್ಟರಲ್ಲಿ ಮುಗಿಯಿತು. ಕೊನೆಯಲ್ಲಿ ಮೇಲೆದ್ದು, ಹೊರಳಿ, ಮುಂದಿನ ಸಾಲಿಗೆ ಇಳಿಯಬೇಕು. ಕುಂಟೆ ಹೊಡೆಯುವಾಗ ಎತ್ತು ತಿರುಗಿಸುವ ಹಾಗೆಯೇ, ಆದರೆ ಆಕಾಶದಲ್ಲಿ.

ಬೆಂಗಳೂರಿನ ‘ಬಸಂತ್’

ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ನಮ್ಮ ಎಚ್‌ಎಎಲ್, 1968ರಲ್ಲಿ ಇಂಥ ವಿಮಾನದ ವಿನ್ಯಾಸ ಶುರುಮಾಡಿತು. ಎಚ್‌ಎ-31 ಎಂದು ಹೆಸರು. ಮೊದಲ ಮಾದರಿಯಲ್ಲಿ ಪೈಲಟ್ ಕೂರುವ ಜಾಗ ರೆಕ್ಕೆಯ ಮುಂದಂಚಿನ ಮೇಲಿತ್ತು, ಎಂಜಿನ್ 250 ಅಶ್ವಶಕ್ತಿಯದು. ಅದು ಸರಿಹೋಗಲಿಲ್ಲ. ವಿನ್ಯಾಸಕರು ತೇಪೆ ಹಾಕುತ್ತ ಕೂರಲಿಲ್ಲ. ಪೂರಾ ಹೊಸದಾಗಿ ಬರೆದರು. ಪೈಲಟ್‌ನ ಜಾಗ ಎತ್ತರವಾಯಿತು, ಎಂಜಿನ್ 400 ಅಶ್ವಶಕ್ತಿಯದಾಯಿತು. ಕೆಳಗೆ 12 ಮೀಟರ್ ಅಗಲದ ರೆಕ್ಕೆ. ಈ ಹೊಸ ರೂಪಕ್ಕೆ ‘ಬಸಂತ್’, ಅಂದರೆ ವಸಂತ, ಎಂದು ಹೆಸರಿಟ್ಟರು. 1972ರ ಮಾರ್ಚ್ 30ರಂದು ಅದು ಮೊದಲ ಸಲ ಹಾರಿತು. 1980ರಲ್ಲಿ ತಯಾರಿಕೆ ನಿಲ್ಲುವವರೆಗೆ ಒಟ್ಟು 39 ಬಸಂತ್‌ಗಳು ಹೊರಬಂದವು.

ಇಡೀ ದೇಶಕ್ಕೆ ಮೂವತ್ತೊಂಬತ್ತೇ! ಯಾಕೆ ಹೀಗಾಯಿತೆಂದು ನಾನು ಯೋಚಿಸಿದ್ದೇನೆ. ನಮ್ಮ ಹೊಲಗಳನ್ನು ನೋಡಿ. ನನ್ನದು ನಾಲ್ಕು ಎಕರೆ, ಪಕ್ಕದವನದು ಎರಡು. ನನ್ನದು ಮೆಣಸಿನಕಾಯಿ, ಅವನದು ಹತ್ತಿ, ಆಚೆಯವನ ಹೊಲದಲ್ಲಿ ದನ ಮೇಯುತ್ತಿವೆ. ಸೆಕೆಂಡಿಗೆ 50 ಮೀಟರ್ ಓಡುವ ವಿಮಾನಕ್ಕೆ ಬದು ಕಾಣುತ್ತದೆಯೇ? ಅಮೆರಿಕದ ಸಾವಿರ ಎಕರೆ ಹೊಲದ ಬುದ್ಧಿ ನಮ್ಮ ಗುಂಟೆ ಲೆಕ್ಕದ ಹೊಲಕ್ಕೆ ಹೊಂದುವುದು ಕಷ್ಟ.

‘ಭದ್ರತೆ’ ಎಂಬ ಕಾಲಂ

1972ರಲ್ಲಿ ನಮ್ಮ ಧಾರವಾಡದಿಂದಲೂ ಒಂದು ಹೊಸತು ಬಂತು. ಇಲ್ಲಿನ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ‘ವರಲಕ್ಷ್ಮಿ’ ಎಂಬ ಸಂಕರಣ ಹತ್ತಿ. ಮುಂದೆ ‘ಜಯಲಕ್ಷ್ಮಿ’. ನನ್ನ ವಯಸ್ಸಿನವರಿಗೆ ನೆನಪಿದ್ದೀತು, ಎಳೆ ಉದ್ದ, ಇಳುವರಿ ಹೆಚ್ಚು, ಮನೆಮನೆಯಲ್ಲೂ ಅದೇ ಮಾತು. ಆದರೆ ಹುಳುವಿಗೂ ಆ ಹತ್ತಿ ರುಚಿಸಿತು. ಹಳೆಯ ಹತ್ತಿಗೆ ಎಣ್ಣಿಯ ಗೊಡವೆಯೇ ಇಲ್ಲದಿದ್ದ ಊರಿನಲ್ಲಿ ಮನೆಗೊಂದು ಬೆನ್ನಿನ ಪಂಪು ಬಂತು.

ನಾನಾಗ ಬ್ಯಾಂಕಿನಲ್ಲಿ ಸಾಲದ ಟೇಬಲ್ಲಿನಲ್ಲಿದ್ದೆ. ಪಂಪಿಗೆ ಸಾಲ ಕೇಳಿ ಬಂದವರ ಅರ್ಜಿ ತುಂಬುವುದು ನನ್ನ ಕೆಲಸ. ಬೆಲೆ ಎಷ್ಟು, ಕಂತು ಎಷ್ಟು, ಹೊಲ ಎಷ್ಟು. ಕೊನೆಗೊಂದು ಕಾಲಂ: ‘ಭದ್ರತೆ’. ಬ್ಯಾಂಕಿನ ಹಣಕ್ಕೆ ಭದ್ರತೆ ಏನೆಂದು ಅಲ್ಲಿ ಬರೆಯಬೇಕು. ನನ್ನ ಸ್ವಂತ ತಮ್ಮನ ಅರ್ಜಿಯನ್ನೂ ನಾನೇ ತುಂಬಿದೆ. ಆ ಕಾಲಂ ತುಂಬುವಾಗ ಒಂದು ಅಕ್ಷರವನ್ನೂ ತಪ್ಪಲಿಲ್ಲ.

1980ರ ದಶಕದ ಒಂದು ಮಧ್ಯಾಹ್ನ ತಮ್ಮ ಹತ್ತಿಗೆ ಎಣ್ಣಿ ಹೊಡೆಯುತ್ತಿದ್ದ. ಮೈಮೇಲೆ ಬನಿಯನ್ನು, ತಲೆಗೆ ಟವೆಲ್ಲು, ಬರಿಗಾಲು. ಗಾಳಿ ಎದುರಿನಿಂದ. ಹೊಡೆದದ್ದೆಲ್ಲ ಅವನ ಮೈಮೇಲೇ ಬರುತ್ತಿತ್ತು. ಸಂಜೆ ಬದುವಿನ ಮೇಲೆ ಬಿದ್ದಿದ್ದವನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಮೂರು ದಿನ ಸರಿಯಾಗಿ ಕಣ್ಣು ಬಿಡಲಿಲ್ಲ. ಬದುಕಿದ. ಮುಂದೆ ಇಪ್ಪತ್ತು ವರ್ಷ ಇದ್ದ, ಆದರೆ ಮತ್ತೆಂದೂ ಪಂಪು ಬೆನ್ನಿಗೇರಿಸಲಿಲ್ಲ.

ಇದಾದ ಕೆಲವು ವರ್ಷಕ್ಕೆ ಪತ್ರಿಕೆಯೊಂದರಲ್ಲಿ ಕೃಷಿ ವಿಮಾನದ ಬಗ್ಗೆ ಓದಿದೆ. ಎಂಜಿನ್ ಮುಂದೆ, ತೊಟ್ಟಿ ನಡುವೆ, ಮನುಷ್ಯ ಹಿಂದೆ, ಸುತ್ತ ಪಂಜರ, ಮೈಮೇಲೆ ಬಿಗಿ ಪಟ್ಟಿ. ಓದುತ್ತ ಮೈ ಬಿಸಿಯಾಯಿತು. ಆಕಾಶದಲ್ಲಿ ಎಣ್ಣಿ ಹೊಡೆಯುವವನ ಜೀವಕ್ಕೆ ಇಷ್ಟು ಯೋಚನೆ ಮಾಡಿದವರು ಇದ್ದಾರೆ. ನೆಲದ ಮೇಲೆ ಹೊಡೆಯುವವನಿಗೆ ನಾನು, ಅವನ ಅಣ್ಣ, ಒಂದು ಮುಖವಸ್ತ್ರದ ಮಾತೂ ಹೇಳಲಿಲ್ಲ. ಅಂದಿನಿಂದ ಈ ವಿಮಾನ ನನ್ನ ಬೆನ್ನು ಬಿಟ್ಟಿಲ್ಲ.

ಕಾಳು ಮತ್ತು ಹೊಟ್ಟು

ಆದರೆ ಓದುತ್ತ ಹೋದಂತೆ ಇನ್ನೊಂದು ಸಂಗತಿ ಕಂಡಿತು. ವಿಮಾನದ ಒಳಗಿನವನ ಭದ್ರತೆ ಆಯಿತು. ಕೆಳಗಿರುವವರದು?

ಕಣದಲ್ಲಿ ರಾಶಿ ತೂರುವುದನ್ನು ಅಜ್ಜ-ಅಜ್ಜಿಯರೆಲ್ಲ ನೋಡಿದ್ದೀರಿ. ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಔಷಧದ ಹನಿಯೂ ಹಾಗೆಯೇ. ಕೂದಲೆಳೆಯಷ್ಟು ದಪ್ಪದ, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಹನಿ, ಹತ್ತು ಅಡಿ ಎತ್ತರದಿಂದ ಇಳಿಯಲು ಸುಮಾರು ಹತ್ತು ಸೆಕೆಂಡು ಬೇಕು. ಗಂಟೆಗೆ ಐದು ಕಿ.ಮೀ. ವೇಗದ ಮೆಲುಗಾಳಿಯಲ್ಲಿ ಅಷ್ಟರೊಳಗೆ ಅದು ನಲವತ್ತು ಅಡಿಗೂ ಹೆಚ್ಚು ಸರಿದಿರುತ್ತದೆ. ಅದರ ಐದನೆಯ ಒಂದು ಭಾಗದಷ್ಟು ಸಣ್ಣ ಹನಿ ಇಳಿಯಲು ನಾಲ್ಕು ನಿಮಿಷ. ಅದು ಸಾವಿರ ಅಡಿ ದಾಟುತ್ತದೆ. ಕಾಳು ನಮ್ಮ ಹೊಲಕ್ಕೆ, ಹೊಟ್ಟು ಊರಿಗೆ.

ಇದರ ಫಲ ಏನೆಂದು ನಮ್ಮ ಕನ್ನಡದ ನಾಡೇ ಕಂಡಿದೆ. ಕಾಸರಗೋಡಿನ ಗುಡ್ಡಗಳ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಮೇಲೆ ಗೇರು, ಕೆಳಗೆ ಮನೆ, ಬಾವಿ, ತೋಡು. ಎಣ್ಮಕಜೆ ಪಂಚಾಯತಿಯ ಪಡ್ರೆಯಂಥ ಹಳ್ಳಿಗಳಲ್ಲಿ ಮಕ್ಕಳು ಅಂಗವೈಕಲ್ಯದಿಂದ, ಬುದ್ಧಿಯ ಬೆಳವಣಿಗೆ ಕುಂಠಿತವಾಗಿ ನರಳಿದರು. ಕರುಗಳು ಸೊಟ್ಟ ಕಾಲಿನೊಂದಿಗೆ ಹುಟ್ಟುತ್ತಿರುವುದನ್ನು ಅದೇ ಊರಿನ ಕನ್ನಡ ಪತ್ರಕರ್ತ ಶ್ರೀ ಪಡ್ರೆ ಮೊದಲೇ ಬರೆದು ಎಚ್ಚರಿಸಿದ್ದರು. ರೋಗಿಗಳನ್ನು ನೋಡುತ್ತ ನೋಡುತ್ತ ಡಾ. ವೈ.ಎಸ್. ಮೋಹನ ಕುಮಾರ್ ಲೆಕ್ಕ ಇಟ್ಟರು, ದನಿ ಎತ್ತಿದರು. ಈಚೆ ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲೂ ಅದೇ ಗೋಳು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. ನಾನು ನಿವೃತ್ತನಾದ ವರ್ಷ ಅದು. ಸುದ್ದಿ ಓದಿ, ತಮ್ಮನ ಫೋಟೋದ ಎದುರು ಸುಮ್ಮನೆ ಸ್ವಲ್ಪ ಹೊತ್ತು ಕುಳಿತಿದ್ದೆ.

ಹತ್ತು ಸಾಲು

ಇಷ್ಟು ಹೇಳುವಷ್ಟರಲ್ಲಿ ಡ್ರೋನ್ ಸಿದ್ಧವಾಗಿತ್ತು. ಔಷಧ ಇನ್ನೂ ಕಲಸಿರಲಿಲ್ಲ. ನಾನು ಎದ್ದು ಹೋಗಿ ಒಂದು ಹಿಡಿ ಒಣ ಹೊಟ್ಟು ತಂದು ಮೇಲಿಂದ ಬಿಟ್ಟೆ. ಅದು ನೇರವಾಗಿ ಪಡುವಣಕ್ಕೆ ಹಾರಿತು. ನಮ್ಮ ಹೊಲದ ಪಡುವಣ ಬದಿಗೆ ಊರ ಕೆರೆ. ನಮ್ಮ ಎರಿ ನೆಲದಲ್ಲಿ ಬಾವಿ ತೋಡಿದರೆ ಸವಳು ನೀರು. ಮಲಪ್ರಭಾ ಕಾಲುವೆಯ ನೀರು ತುಂಬಿಸಿಕೊಳ್ಳುವ ಆ ಕೆರೆಯೇ ಊರಿಗೆಲ್ಲ ಕುಡಿಯಲು. ಆಗಲೇ ಇಬ್ಬರು ಹೆಣ್ಣುಮಕ್ಕಳು ಕೊಡ ತುಂಬುತ್ತಿದ್ದರು.

“ತಂಗಿ, ಇವತ್ತ ಬ್ಯಾಡವಾ,” ಅಂದೆ.

“ನಾನೂ ಅದನ್ನ ನೋಡಾಕತ್ತಿದ್ದೆರಿ ಅಜ್ಜಾರ,” ಅಂದಳು ಅವಳು. “ನಮಗ ಟ್ರೇನಿಂಗಿನ್ಯಾಗೂ ಗಾಳಿ ನೋಡ್ರಿ ಅಂತ ಹೇಳ್ಯಾರ.”

ಹೊಲ ಮಾಡುವವನು ತಮ್ಮನ ಮಗ. ಅವನ ಮುಖ ಸಣ್ಣದಾಯಿತು. “ದೊಡ್ಡಪ್ಪಾ, ಎಲಿ ಎಲ್ಲಾ ಮುಟುರ್ಯಾವ. ಇವತ್ತ ಬಿಟ್ರ ಇವರು ಮತ್ತ ಯಾವಾಗ ಬರ್ತಾರೋ ಏನೋ. ನುಸಿ ನಮ್ಮ ಸಲುವಾಗಿ ಕಾಯ್ತೈತೇನು?”

ಅವನ ಮಾತು ಸುಳ್ಳಲ್ಲ. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲ ಅವನ ಕೈಯಿಂದ ಹೋಗಿದೆ. ನಾನು ಪಿಂಚಣಿಯವನು, ಹೇಳುವುದು ಸುಲಭ. ಅವನಿಗೆ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಮೊಮ್ಮಗ ಅಂದ, “ಕಾಕಾ, ಗಾಳಿ ತಿರಗೂ ತನಕಾ ನಾ ನೋಡ್ಕೋತ ಇರ್ತೀನಿ.” ಅಜ್ಜಿಯ ಹಳೆಯ ಸೀರೆಯ ಅಂಚು ಹರಿದು, ಒಂದು ಕೋಲಿಗೆ ಕಟ್ಟಿ ಬದುವಿನಲ್ಲಿ ನೆಟ್ಟ. ನಾನು ಆ ಹೆಣ್ಣುಮಗಳಿಗೆ ಬಂದ ಖರ್ಚು ಕೊಟ್ಟು ಕಳಿಸಿದೆ.

ಎರಡು ದಿನ ಅದೇ ಮೂಡಗಾಳಿ. ತಮ್ಮನ ಮಗ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಹುಡುಗ ಓಡಿ ಬಂದ. ಅಂಚು ಅತ್ತ ತಿರುಗಿತ್ತು. ಉತ್ತರದಿಂದ ತೆಳುವಾದ, ಒಂದೇ ಸಮನಾದ ಗಾಳಿ. ಗಾಳಿ ಪೂರ್ತಿ ನಿಂತರೂ ಒಳ್ಳೆಯದಲ್ಲ. ಸಣ್ಣ ಹನಿ ಮಂಜಿನ ಹಾಗೆ ತೂಗಾಡುತ್ತ ಎಲ್ಲಿಗೋ ಹೋಗುತ್ತದೆ. ಫೋನು ಮಾಡಿದೆವು, ಅವಳು ಬಂದಳು. ಕೆರೆಯ ಬದಿಯ ಹತ್ತು ಸಾಲು ಬಿಟ್ಟು ಉಳಿದದ್ದಕ್ಕೆ ಹೊಡೆದಳು. ಆ ಹತ್ತು ಸಾಲನ್ನು ಬಿಡೋಣವೆಂದು ಹೇಳಿದವನು ನಾನಲ್ಲ, ತಮ್ಮನ ಮಗ. ಯಾಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮಕ್ಕಳೇ, ನಿಮ್ಮೂರಿನಲ್ಲೂ ಡ್ರೋನ್ ಬಂದೀತು. ನೋಡಲು ಓಡುತ್ತೀರಿ, ನಾನೂ ಓಡುತ್ತೇನೆ. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆ ದೂರ ನಿಲ್ಲಿ. ಕುಡಿಯುವ ನೀರು, ಬುತ್ತಿ ಮುಚ್ಚಿಡಿ. ದನಕರು ಆಚೆ ಕಟ್ಟಲು ಹೇಳಿ. ಬೆನ್ನಿನ ಪಂಪು ಹೊತ್ತವರು ಕಂಡರೆ ಮೂಗು-ಬಾಯಿಗೆ ಮುಖವಸ್ತ್ರ, ಕೈಗವಸು, ತುಂಬುತೋಳಿನ ಅಂಗಿ ಇದೆಯೇ ನೋಡಿ, ಇಲ್ಲದಿದ್ದರೆ ನೆನಪಿಸಿ. ಅಪ್ಪನಾದರೂ ಸರಿ, ಅಜ್ಜನಾದರೂ ಸರಿ. ಖಾಲಿ ಡಬ್ಬಿಗೆ ನೀರು ತುಂಬುವ ಆಟ ಮಾತ್ರ ಎಂದೂ ಬೇಡ.

ಡ್ರೋನಿನಲ್ಲಿ ಪೈಲಟ್ ಕೂರುವ ಸೀಟಿಲ್ಲ. ಅದು ಬಿದ್ದರೆ ಒಳಗೆ ಸಾಯುವವರಿಲ್ಲ, ಪಂಜರವೂ ಬೇಕಿಲ್ಲ. ಈಗ ಯೋಚನೆ ಮಾಡಬೇಕಾದವರೆಲ್ಲ ನೆಲದ ಮೇಲೆಯೇ ಇದ್ದಾರೆ: ಹಾರಿಸುವವಳು, ಔಷಧ ಕಲಸುವವನು, ಕೊಡ ಹೊತ್ತವಳು, ಬದುವಿನಲ್ಲಿ ನಿಂತ ಹುಡುಗ.

ಜನವರಿಯಲ್ಲಿ ಮೆಣಸಿನಕಾಯಿ ಬಿಡಿಸಿದಾಗ ಆ ಹತ್ತು ಸಾಲಿನಲ್ಲಿ ಕಾಯಿ ಕಡಿಮೆ ಬಂತು, ಬಂದದ್ದೂ ಮುರುಟಿತ್ತು. ತಮ್ಮನ ಮಗ ಲೆಕ್ಕದ ಪುಸ್ತಕ ನನ್ನ ಕೈಗೆ ಕೊಟ್ಟು, “ಇದನ್ನ ಯಾವ ಖಾತೇಕ ಬರೀಲಿ ದೊಡ್ಡಪ್ಪಾ?” ಎಂದ. ಪೆನ್ನು ತೆಗೆದುಕೊಂಡು ನಾನೇ ಬರೆದೆ: ‘ಕೆರೆ ಬದಿ, ಹತ್ತು ಸಾಲು. ಭದ್ರತೆ.’